ಹೊರಗಿನ ವಿದ್ಯಾರ್ಥಿವೇತನ: ಹೊರೆ ಇಳಿಯುವುದು ಯಾರದ್ದು?



ಅಮೆರಿಕದಲ್ಲಿ ನೆಲೆಸಿರುವ ಕರ್ನಾಟಕ ಮೂಲದ ಕುಟುಂಬಗಳ ಮಕ್ಕಳೂ ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುತ್ತಾರೆ. ಅಲ್ಲಿನ ಕಾಲೇಜು ಪದವಿಯ ಮಟ್ಟಿಗೆ ಒಂದು ವಿಷಯವನ್ನು ಎಲ್ಲರೂ ತಿಳಿದಿರಬೇಕು. ಹೊರಗಿನಿಂದ ವಿದ್ಯಾರ್ಥಿವೇತನ ಬಂದರೆ ಕಾಲೇಜು ತಾನು ಕೊಡುವ ನೆರವನ್ನು ಕಡಿತ ಮಾಡಬಹುದು.

ಲೆಕ್ಕ ಹೀಗಿದೆ. ಶುಲ್ಕ, ವಸತಿ, ಊಟ, ಪುಸ್ತಕ, ಪ್ರಯಾಣ ಎಲ್ಲವೂ ಸೇರಿ ಒಂದು ವರ್ಷದ ವೆಚ್ಚವನ್ನು ಕಾಲೇಜು ನಿಗದಿ ಮಾಡುತ್ತದೆ. ಫಾಫ್ಸಾ ಅರ್ಜಿಯಲ್ಲಿ ಕುಟುಂಬ ಕೊಟ್ಟ ಆದಾಯದ ವಿವರದಿಂದ ‘ಸ್ಟೂಡೆಂಟ್ ಏಡ್ ಇಂಡೆಕ್ಸ್’ ಎಂಬ ಸಂಖ್ಯೆ ಬರುತ್ತದೆ. ವೆಚ್ಚದಲ್ಲಿ ಅದನ್ನು ಕಳೆದರೆ ಉಳಿಯುವುದೇ ವಿದ್ಯಾರ್ಥಿಯ ‘ಅಗತ್ಯ’. ಅಗತ್ಯ ನೋಡಿ ಕೊಡುವ ನೆರವು ಮತ್ತು ಹೊರಗಿನ ವಿದ್ಯಾರ್ಥಿವೇತನ ಸೇರಿ ಈ ಮೊತ್ತವನ್ನು ಮೀರುವಂತಿಲ್ಲ.

ಉದಾಹರಣೆಗೆ, ವೆಚ್ಚ 30,000 ಡಾಲರ್, ಇಂಡೆಕ್ಸ್ 5,000 ಎಂದಿರಲಿ. ಅಗತ್ಯ 25,000. ಕಾಲೇಜಿನ ಅನುದಾನ 18,000, ಕ್ಯಾಂಪಸ್ ಕೆಲಸ 2,000, ಸರ್ಕಾರಿ ಸಾಲ 3,500. ಒಟ್ಟು 23,500, ಕೊರತೆ 1,500. ಈಗ ಟ್ರಸ್ಟ್‌ನಿಂದ 3,000 ಬಂತು. ಅರ್ಧ ಹಣ ಕೊರತೆಯನ್ನು ತುಂಬುತ್ತದೆ. ಮಿಕ್ಕ 1,500 ಮಿತಿ ಮೀರುವುದರಿಂದ ಎಲ್ಲಾದರೂ ಕಡಿತವಾಗಲೇಬೇಕು.

ಸಾಲದಲ್ಲಿ ಕಡಿತವಾದರೆ ಮಗು ಅಷ್ಟರಮಟ್ಟಿಗೆ ಬಡ್ಡಿಯಿಂದ ಪಾರಾಗುತ್ತದೆ. ಅನುದಾನದಲ್ಲಿ ಕಡಿತವಾದರೆ ನಿಮ್ಮ ದಾನದ ಅರ್ಧ ಭಾಗ ಉಳಿತಾಯವಾಗುವುದು ಕಾಲೇಜಿಗೆ. ಝಕಾತ್‌ಗೆ ಹಕ್ಕುದಾರರಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನ್ (9:60) ಹೆಸರಿಸಿದೆ; ಬಡವರೂ ಸಾಲಗಾರರೂ ಅದರಲ್ಲಿದ್ದಾರೆ. ಆ ಹಣ ಅವರಿಗೇ ತಲುಪುವಂತೆ ನೋಡಿಕೊಳ್ಳುವುದು ನಮ್ಮ ಮೇಲಿನ ಅಮಾನತ್.

ಕಡಿತದ ಕ್ರಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ಕೆಲವು ರಾಜ್ಯಗಳಲ್ಲಿ ಕಾನೂನಿನ ರಕ್ಷಣೆ ಇದೆ. ಮೇರಿಲ್ಯಾಂಡ್ 2017ರಲ್ಲಿ ತನ್ನ ಸಾರ್ವಜನಿಕ ಕಾಲೇಜುಗಳಿಗೆ ನಿರ್ಬಂಧ ಹಾಕಿತು. ಕ್ಯಾಲಿಫೋರ್ನಿಯಾದ 2022ರ ಕಾನೂನು ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಖಾಸಗಿ ಕಾಲೇಜುಗಳಲ್ಲೂ ರಕ್ಷಣೆ ಕೊಡುತ್ತದೆ.

ಪಾಲಕರು ಗಮನಿಸಬೇಕಾದದ್ದು:

1. ಪ್ರವೇಶ ಖಚಿತಪಡಿಸುವ ಮೊದಲೇ ಕಾಲೇಜಿನ ಹಣಕಾಸು ನೆರವು ಕಚೇರಿಗೆ ಬರೆದು ಕೇಳಿ: ಹೊರಗಿನ ವಿದ್ಯಾರ್ಥಿವೇತನ ಬಂದರೆ ಮೊದಲು ಏನನ್ನು ಕಡಿಮೆ ಮಾಡುತ್ತೀರಿ? ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

2. ನಮ್ಮ ನೆರವನ್ನು ಕಾಲೇಜಿನಿಂದ ಮುಚ್ಚಿಡಬೇಡಿ. ತಿಳಿಸುವುದು ಕಡ್ಡಾಯ. ತಡವಾಗಿ ಗೊತ್ತಾದರೆ ವರ್ಷದ ಮಧ್ಯದಲ್ಲಿ ಹಣ ಹಿಂದಿರುಗಿಸಬೇಕಾಗಬಹುದು.

3. ಸಾಲ ಮತ್ತು ಕ್ಯಾಂಪಸ್ ಕೆಲಸದ ಮೊತ್ತವನ್ನೇ ಮೊದಲು ಇಳಿಸುವಂತೆ ವಿನಂತಿಸಿ. ಕಂಪ್ಯೂಟರ್ ಖರೀದಿಯಂಥ ನಿಜವಾದ ಖರ್ಚು ಇದ್ದರೆ ಅದನ್ನೂ ವಾರ್ಷಿಕ ವೆಚ್ಚಕ್ಕೆ ಸೇರಿಸಲು ಕೇಳಿ. ವೆಚ್ಚದ ಮಿತಿ ಏರಿದರೆ ಕಡಿತ ತಗ್ಗುತ್ತದೆ.

4. ಕಾಲೇಜಿನ ನೆರವಿನ ಪತ್ರದ ಪ್ರತಿಯನ್ನು ನಮ್ಮ ಅರ್ಜಿಯೊಂದಿಗೆ ಲಗತ್ತಿಸಿ.

ಆ ಪತ್ರ ನೋಡಿದ ಮೇಲೆಯೇ ನಾವು ಹಣ ಬಿಡುಗಡೆ ಮಾಡುತ್ತೇವೆ. ಹಣ ಮೊದಲು ಕೊರತೆಗೆ, ನಂತರ ಸಾಲಕ್ಕೆ ಸಲ್ಲಬೇಕೆಂದು ಕಾಲೇಜಿಗೆ ಪತ್ರ ಕೊಡುತ್ತೇವೆ. ಅನುದಾನವನ್ನೇ ಇಳಿಸುತ್ತೇವೆ ಎಂದು ಕಾಲೇಜು ಹೇಳಿದರೆ, ಮೊತ್ತವನ್ನು ಮುಂದಿನ ವರ್ಷಕ್ಕೆ ಹಂಚುವ ಬಗ್ಗೆ ಕುಟುಂಬದೊಂದಿಗೆ ಮಾತನಾಡಿ ತೀರ್ಮಾನಿಸುತ್ತೇವೆ.

ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ನಮ್ಮ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ. ಆಮೀನ್.