ಆರಿದ್ರಾ ಮಳೆಗೆ ಕಾದ ಬಿಲ್ಲೆ

ತಿಪಟೂರು ದಾಟಿ, ತೆಂಗಿನ ತೋಟಗಳ ನಡುವೆ ನುಸುಳಿಕೊಂಡು ಹೋಗುವ ಮಣ್ಣುಹಾದಿ ಮುಗಿಯುವಲ್ಲಿ ಈ ತೋಟ. ಚಪ್ಪಲಿ ಗೇಟಿನ ಬಳಿಯೇ ಬಿಟ್ಟು ಬನ್ನಿ. ಕಾಲಿಗೆ ಮೊದಲು ತಾಗುವುದು ತೆಂಗಿನ ಗರಿ, ಸಿಪ್ಪೆ, ಗೊಬ್ಬರದ ಗಿಡದ ಒಣಸೊಪ್ಪು ಸೇರಿಸಿ ಹಾಸಿದ ಗೇಣು ದಪ್ಪದ ಮೆತ್ತೆ. ಹೆಬ್ಬೆರಳಿನಲ್ಲಿ ಕೆದಕಿದರೆ ಅಡಿಯ ಕೆಮ್ಮಣ್ಣು ಕಪ್ಪಿಗೆ ತಿರುಗಿರುವುದು ಕಾಣುತ್ತದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಅಲ್ಲಿ ತಂಪು, ಆ ತಂಪಿನಲ್ಲಿ ಎರೆಹುಳು. ಆರಿದ್ರಾ ಮಳೆ ಹುಟ್ಟಿ ಮೂರು ದಿನವಾಯಿತು. ಮೋಡ ಪಡುವಲಿಂದ ಬಂದು, ಇಣುಕಿ, ಹಾಗೇ ಮೂಡಲಿಗೆ ಜಾರುತ್ತಿದೆ.

ಮಾವಿನ ಮರದಡಿ ನೀಲಿ ಡ್ರಮ್ಮು. ಅದರ ಹತ್ತಿರ ಹೋಗುವ ಮೊದಲೇ ಬೆಲ್ಲ ಮತ್ತು ಗಂಜಲ ಒಟ್ಟಿಗೆ ಹುಳಿತ ವಾಸನೆ ಮೂಗಿಗೆ ಬಡಿಯುತ್ತದೆ. ಇಬ್ಬರು ಹೆಂಗಸರು ಉದ್ದನೆಯ ಕೋಲು ಹಿಡಿದು ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದಾರೆ. 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಕೋಲು ನಿಂತರೂ ನೀರು ಸುತ್ತುತ್ತಲೇ ಇರುತ್ತದೆ. ನೊರೆ ಗುಳುಗುಳು ಎನ್ನುತ್ತದೆ. ಪಕ್ಕದ ಗೊಬ್ಬರದ ಗುಡ್ಡೆಗೆ ಕಬ್ಬಿಣದ ಸರಳು ಚುಚ್ಚಿದ್ದಾರೆ. ಎಳೆದು ಮುಟ್ಟಿ ನೋಡಿ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಗುಡ್ಡೆ ಬೇಯುತ್ತಿದೆ ಎಂದರೆ ಕೆಲಸ ಸರಿಯಾಗಿದೆ ಎಂದರ್ಥ.

ಇಲ್ಲಿ ಎರಡು ವಾರದಿಂದ ಪರ್ಮಾಕಲ್ಚರ್ ಎಂಬ ಬೇಸಾಯ ಕ್ರಮದ ಪಾಠ ನಡೆದಿದೆ, ಇವತ್ತು ಕೊನೆಯ ದಿನ. ನಿವೃತ್ತ ಮೇಷ್ಟ್ರೊಬ್ಬರು, ಬೆಂಗಳೂರಿನಿಂದ ಬಂದ ಗಂಡ ಹೆಂಡತಿ, ಬೀದರಿನ ಇಬ್ಬರು ರೈತರು, ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಮತ್ತು ಪಕ್ಕದ ಊರಿನ ಒಬ್ಬ ಹುಡುಗ. ಅವನದು ಕಾಯಿ ಕೀಳುವ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಕೂತು, ಮೂರನೆಯ ಸಲ ಕೂರದೆ ಮರ ಹತ್ತಿದವನು.

ಅವನನ್ನೇ ಸ್ವಲ್ಪ ಹೊತ್ತು ನೋಡೋಣ. ಎರಡು ಬಿದಿರಿನ ಕೋಲುಗಳ ತಲೆ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿದು, ತಲೆಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟಿದ್ದಾನೆ. ದಾರ ಅಡ್ಡಪಟ್ಟಿಯನ್ನು ಹಾಯುವಲ್ಲಿ ಇದ್ದಿಲಿನ ಗೀಟು. ಕಾಲುಗಳನ್ನು ಅದಲುಬದಲು ಮಾಡಿ ನಿಲ್ಲಿಸಿ ಇನ್ನೊಂದು ಗೀಟು. ಎರಡರ ನಡುಮಧ್ಯೆ ದಾರ ನಿಂತಿತೆಂದರೆ ಎರಡು ಕಾಲೂ ಸಮಮಟ್ಟದಲ್ಲಿವೆ. ಹೀಗೆ ಹೆಜ್ಜೆ ಹೆಜ್ಜೆಗೂ ಗೂಟ ಹೊಡೆಯುತ್ತ ಇಳಿಜಾರಿಗೆ ಅಡ್ಡಲಾಗಿ ಸಾಗುತ್ತಾನೆ. ಹಿಂದಿನಿಂದ ಹಾರೆ, ಗುದ್ದಲಿ, ಮಂಕರಿ. ಕಲ್ಲಿಗೆ ಹಾರೆ ತಾಗಿದ ಟಣ್, ಮಣ್ಣು ಬದುವಿಗೆ ಬಿದ್ದ ಧಪ್. ಮಧ್ಯಾಹ್ನದ ಹೊತ್ತಿಗೆ ಹಾವಿನಂತೆ ಬಳುಕುವ ಕಂದಕವೊಂದು ತೋಟದ ಹೆಗಲ ಮೇಲೆ ಮಲಗಿದೆ. ಕಣ್ಣಿಗೆ ಸೊಟ್ಟ, ನೀರಿಗೆ ಮಾತ್ರ ನೆಟ್ಟಗೆ. ಸುರಿದ ಮಳೆ ಇಲ್ಲಿ ಓಡದೆ ನಿಂತು ಇಂಗಬೇಕು. ಗಣಿತ ಬಾರದವನು ಎಂದು ಶಾಲೆ ಬರೆದುಕೊಟ್ಟ ಹುಡುಗನ ಲೆಕ್ಕ ಇದು.

ಬೆಲ್ಲದ ಚಹಾ, ಹುರುಳಿಕಾಳಿನ ಉಸಲಿ ಬರುತ್ತದೆ. ಮರದ ಕೊಂಬೆಗೆ ನೇತುಹಾಕಿದ ಕಪ್ಪು ಹಲಗೆಯ ಮೂಲೆಯಲ್ಲಿ ಸುಣ್ಣದ ಕಡ್ಡಿಯಲ್ಲಿ ಬರೆದ 72 ಎಂಬ ಅಂಕಿ ಇದೆ. ಈ ಪಾಠಕ್ಕೆ ಜಗತ್ತಿನಾದ್ಯಂತ ಕನಿಷ್ಠ ಇಷ್ಟು ತಾಸು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬ ಗುರು ಶಿಷ್ಯರು 1978ರಲ್ಲಿ ಪರ್ಮಾಕಲ್ಚರ್ ಹೆಸರಿನ ಮೊದಲ ಪುಸ್ತಕ ತಂದರು. ಭೂಮಿಯನ್ನು ನೋಡಿಕೋ, ಜನರನ್ನು ನೋಡಿಕೋ, ಮಿಕ್ಕಿದ್ದನ್ನು ಹಂಚಿಕೋ ಎಂಬುದು ಅದರ ಮೂರು ನೀತಿ. ಕಲಿತವರು ಕಲಿಸುತ್ತ, ಅವರಿಂದ ಕಲಿತವರು ಮತ್ತೆ ಕಲಿಸುತ್ತ, ಹೆಪ್ಪಿನಿಂದ ಹೆಪ್ಪಿಗೆ ಮೊಸರು ದಾಟಿದಂತೆ ಈ ವಿದ್ಯೆ ಊರೂರು ದಾಟಿತು. 2017ರಲ್ಲಿ ಹೈದರಾಬಾದಿನ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಬಂತು. ಮೇಲೊಂದು ವಿಶ್ವವಿದ್ಯಾಲಯ ಕೂತು ಮೊಹರು ಒತ್ತಿದ್ದಿಲ್ಲ. ಕೊನೆಯ ದಿನ ಕೊಡುತ್ತಿದ್ದುದು ಒಂದು ಹಾಳೆ, ಅದರಲ್ಲಿ ಹೆಸರು, ಕಲಿಸಿದವರ ಸಹಿ. ಕಲಿತ ಕೈ ಏನು ಮಾಡಬಲ್ಲದು ಎಂದು ಹಾಳೆ ಹೇಳುತ್ತಿರಲಿಲ್ಲ.

ಈ ತೋಟದಲ್ಲಿ ಹಾಳೆಯ ಜೊತೆಗೆ ಇನ್ನೊಂದಿದೆ. ಹುಡುಗ ಬಿರುಕು ಬಿಟ್ಟ ಗಾಜಿನ ಫೋನನ್ನು ಅಂಗಿಗೆ ಒರೆಸಿ ತೋರಿಸುತ್ತಾನೆ. ಪರದೆಯ ಮೇಲೆ ನಾಲ್ಕು ದುಂಡನೆಯ ಚಿತ್ರ: ಗೊಬ್ಬರ, ಬೀಜ, ನಕ್ಷೆ, ನೀರು. ಮೊದಲ ಮೂರಕ್ಕೆ ಬಣ್ಣ ಬಂದಿದೆ. ಕಲಿಸುವವರು ಇವನ್ನು ಬ್ಯಾಡ್ಜ್ ಎನ್ನುತ್ತಾರೆ. ಚಹಾ ಲೋಟ ಎತ್ತಲು ಬಂದ ಮನೆಯ ಅಜ್ಜಿ ಬಗ್ಗಿ ನೋಡಿ, “ಕಚೇರಿ ಜವಾನ ಎದೆ ಮೇಲೆ ಹಾಕ್ಕೊತಿದ್ನಲ್ಲ, ಹಿತ್ತಾಳೆ ಬಿಲ್ಲೆ, ಅದಾ ಮಗಾ?” ಎನ್ನುತ್ತಾರೆ. “ಹೂಂ ಅಜ್ಜಿ, ಬಿಲ್ಲೇನೇ. ಪೊಲೀಸ್ನೋರು ಹಿಡಿದ್ರೆ ಫೋನಲ್ಲೇ ಡಿಎಲ್ ತೋರಿಸ್ತೀವಲ್ಲ, ಹಂಗೆ.”

ಬಿಲ್ಲೆಯ ಮೇಲೆ ಬೆರಳಿಟ್ಟರೆ ಅದು ಹೊಟ್ಟೆ ಬಿಚ್ಚಿಕೊಳ್ಳುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ದಿನ, ಏನು ಮಾಡಿದ್ದಕ್ಕೆ, ಮಾಡಿದ್ದಕ್ಕೆ ಪುರಾವೆ ಏನು, ಎಲ್ಲ ಅದರೊಳಗೇ ಹುದುಗಿದೆ. ಗೊಬ್ಬರದ ಬಿಲ್ಲೆಯಲ್ಲಿ ಆ ಗುಡ್ಡೆಯದೇ ಚಿತ್ರಗಳು, ದಿನದಿನದ ಬಿಸಿಯ ಲೆಕ್ಕ, ಜೊತೆಯಲ್ಲಿ ಕಲಿತ ಇಬ್ಬರು ಕಣ್ಣಾರೆ ಕಂಡೆವೆಂದು ಬರೆದ ಮಾತು. ಓಪನ್ ಬ್ಯಾಡ್ಜ್ ಎಂಬ ಈ ಕ್ರಮವನ್ನು ಮೊಜಿಲ್ಲಾ ಸಂಸ್ಥೆ 2011ರಲ್ಲಿ ಘೋಷಿಸಿತು. ಶಾಲೆಯ ಹೊರಗೆ ಕಲಿತದ್ದಕ್ಕೂ ಗುರುತು ಸಿಗಲಿ, ಯಾರು ಬೇಕಾದರೂ ಕೊಡುವಂತಿರಲಿ, ಎಲ್ಲಿ ಬೇಕಾದರೂ ಒಯ್ಯುವಂತಿರಲಿ ಎಂಬುದು ಆಗಿನ ಆಸೆ. ಈಚಿನ ರೂಪದಲ್ಲಿ ಅದಕ್ಕೆ ಡಿಜಿಟಲ್ ಸಹಿಯ ಬೀಗವಿದೆ. ನಡುವೆ ಯಾರಾದರೂ ಒಂದಕ್ಷರ ತಿದ್ದಿದರೂ ಸಿಕ್ಕಿಬೀಳುತ್ತದೆ.

ಬೀದರಿನ ರೈತರಿಗೆ ಅಷ್ಟಕ್ಕೇ ನಂಬಿಕೆ ಬಾರದು. “ಯಾರ್ ಬೇಕಾದ್ರೂ ಕೊಡಬಹುದು ಅಂದಮ್ಯಾಲ ಕಳ್ಳನೂ ಕೊಡಬಹುದಲ್ರೀ?” ಎನ್ನುತ್ತಾರೆ. ಮಾತು ನಿಜ. ಕೊಟ್ಟವರ ಮುಖ ನೋಡಿಯೇ ಬಿಲ್ಲೆಗೆ ಬೆಲೆ. ಈ ಬಿಲ್ಲೆ ತೋರಿಸಿದರೆ ಬ್ಯಾಂಕು ಸಾಲ ಕೊಡುವುದಿಲ್ಲ, ಪದವಿ ಕೇಳುವ ನೌಕರಿಗೆ ಇದು ಸಾಲದು. ಆದರೆ ತೋಟ ಕಟ್ಟಿಸಬೇಕೆಂದು ಬೆಂಗಳೂರಿನಿಂದ ಯಾರೋ ಫೋನು ಮಾಡಿದಾಗ, ಕಾಯಿ ಕೀಳುವ ಹುಡುಗ ತನ್ನ ಕಂದಕವನ್ನು ಅವರ ಅಂಗೈಗೆ ಕಳಿಸಬಹುದು. ಸಂಘದ ಹೆಂಗಸರು ಇದಕ್ಕೆ ತಲೆದೂಗುತ್ತಾರೆ. ಅವರಿಗೆ ಇದು ಹೊಸದಲ್ಲ. ಸಾವಯವ ಬೆಳೆಗೆ ಅವರು ಹಿಡಿದಿರುವುದು ಪಿಜಿಎಸ್ ದಾರಿ. ಕನಿಷ್ಠ ಐವರು ರೈತರು ಗುಂಪು ಕಟ್ಟಿಕೊಂಡು, ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ, ಗೊಬ್ಬರದ ಗುಂಡಿ ಇಣುಕಿ, ಒಬ್ಬರಿಗೊಬ್ಬರು ಸಾಕ್ಷಿಯಾಗುವುದು. ಬೇಲಿಯಾಚೆಯ ಅಕ್ಕನ ಕಣ್ಣು ತಪ್ಪಿಸಿ ಯೂರಿಯಾ ಎರಚುವುದು ಸುಲಭವಲ್ಲ.

ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಸೋರೆಬುರುಡೆ, ಮಡಕೆಗಳನ್ನು ತಂದಿಟ್ಟಿದ್ದಾರೆ. ಬಾಯಿಗೆ ಮೆತ್ತಿದ ಸಗಣಿ ಒಡೆದರೆ ಬೂದಿ, ಬೇವಿನ ಸೊಪ್ಪಿನ ಒಣ ಘಾಟು. ಬೂದಿ ಜಾಡಿಸಿದ ಅಂಗೈಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ರಾಗಿಯ ನಡುವೆ ಅಕ್ಕಡಿ ಸಾಲಿಗೆ ಹಾಕುವ ಬೀಜಗಳು ಇವು. “ಈ ಅವರೆ ನಮ್ಮವ್ವನ ಮನೇದು. ಈ ತೊಗರಿ ಬರ ಬಿದ್ದ ವರ್ಷ ನಾದಿನಿ ಕೊಟ್ಟಿದ್ದು, ಕಲ್ಲುಭೂಮೀಲೂ ಬರ್ತದೆ, ಜವುಗಾದ್ರೆ ಸಾಯ್ತದೆ.” ಕೊಟ್ಟವರು, ಕೊಟ್ಟ ಕಾಲ, ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬಾರದು: ಒಂದೊಂದು ಕಾಳಿಗೂ ಅಜ್ಜಿ ಹೊಟ್ಟೆ ಬಿಚ್ಚಿ ಹೇಳುತ್ತಾರೆ. ಹುಡುಗನ ಬೀಜದ ಬಿಲ್ಲೆಯೊಳಗೆ ಪುರಾವೆಯಾಗಿ ಇರುವುದು ಇದೇ ದನಿ, ಮೂರು ನಿಮಿಷದ್ದು. ಅಜ್ಜಿಗೆ ಮಾತ್ರ ಯಾರೂ ಇನ್ನೂ ಬಿಲ್ಲೆ ಕೊಟ್ಟಿಲ್ಲ. ಇಮೇಲ್ ವಿಳಾಸ ಬೇಕಂತೆ.

ನೀರಿನ ಬಿಲ್ಲೆ ಬೂದು ಬಣ್ಣದಲ್ಲೇ ಉಳಿದಿದೆ. ಕಂದಕದ ಚಿತ್ರ ಹಾಕಿಯಾಗಿದೆ; ಮಳೆ ಬಿದ್ದ ಮೇಲಿನ ಚಿತ್ರ ಬಾಕಿ. ಅದಿಲ್ಲದೆ ಕೊಡುವುದಿಲ್ಲ ಎಂಬುದು ಇಲ್ಲಿಯ ಕಟ್ಟಳೆ.

ಸಂಜೆ ನಾಲ್ಕೂವರೆಗೆ ಗಾಳಿ ನಿಂತಿತು. ಇರುವೆಗಳು ಮೊಟ್ಟೆ ಹೊತ್ತು ಬದು ಹತ್ತಿದವು. ಮೊದಲು ತೆಂಗಿನ ಗರಿಗಳ ಮೇಲೆ ಪಟಪಟ, ಆಮೇಲೆ ಏನೂ ಕಾಣದ ಬಿಳಿ ಪರದೆ. ಎಲ್ಲರೂ ತೊಯ್ದುಕೊಂಡೇ ಕಂದಕದತ್ತ ಓಡಿದರು. ಮೇಲಿನಿಂದ ಕೆಂಪಗೆ ಧುಮುಕಿದ ನೀರು ಕಂದಕಕ್ಕೆ ಬಿದ್ದು, ಎಡಕ್ಕೋ ಬಲಕ್ಕೋ ತಿಳಿಯದಂತೆ ಗಲಿಬಿಲಿಗೊಂಡು, ಉದ್ದಕ್ಕೂ ಒಂದೇ ಮಟ್ಟಕ್ಕೆ ಹರಡಿ ಸುಮ್ಮನಾಯಿತು. ಮಳೆ ನಿಂತು ಒಂದು ತಾಸಿಗೆ ನೀರು ಇಳಿದಿತ್ತು. ಅಜ್ಜಿ ಸೆರಗು ಸಿಕ್ಕಿಸಿ ಬದುವಿನ ಕೆಳಗೆ ಕೂತು, ಮಣ್ಣಿಗೆ ಬೆರಳು ಇಳಿಸಿದರು. ಮಣಿಕಟ್ಟಿನವರೆಗೂ ಕೈ ಹೋಯಿತು. “ಗೇಣು ಹದ ಆಗೈತೆ,” ಎಂದರು. ಹುಡುಗ ನೀರಿನ ಚಿತ್ರ ತೆಗೆಯಲು ಎತ್ತಿದ ಫೋನನ್ನು ತಿರುಗಿಸಿ, ಆ ಕೈಯ ಚಿತ್ರ ತೆಗೆದ.

ಮೋಡ ಕವಿದು ಸಿಗ್ನಲ್ ಸಿಗಲಿಲ್ಲ. ರಾತ್ರಿಯೆಲ್ಲ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಬೆಳಗಿನ ಜಾವ ಹೊಲದಲ್ಲಿ ಕೂರಿಗೆ ಹೂಡಿದರು. ಫೋನು ಬೇಲಿಗೂಟಕ್ಕೆ ತೂಗುಹಾಕಿದ ಅಂಗಿಯ ಜೇಬಿನಲ್ಲಿ. ಹುಡುಗ ಕೂರಿಗೆಯ ಹಿಂದೆ ಸಡ್ಡೆ ಹಿಡಿದಿದ್ದ. ಪಕ್ಕದಲ್ಲಿ ನಡೆಯುತ್ತ ಅಜ್ಜಿ, ಕಾಳು ದಟ್ಟವಾಗಿ ಬೀಳುತ್ತಿದೆಯೆಂದು ಅವನ ಮುಷ್ಟಿ ತಿದ್ದುತ್ತಿದ್ದರು.