ಕಣ್ಣಿನ ನಾಯಿ, ಮೂಗಿನ ನಾಯಿ

ಚನ್ನರಾಯಪಟ್ಟಣದ ಸುತ್ತಿನ ತೆಂಗಿನ ತೋಟಗಳಿಗೆ ಬೆಳಕು ಹರಿಯುವ ಹೊತ್ತಿಗೆ ನವಿಲುಗಳು ಇಳಿಯುತ್ತವೆ. ಪಕ್ಕದ ರಾಗಿ ಹೊಲದ ಬದುವಿನ ಮೇಲೆ ಒಂದು ನವಿಲು ಕತ್ತು ನಿಮಿರಿಸಿತೆಂದರೆ ಸಾಕು, ತೋಟದ ಮನೆಯ ಜಗಲಿಯಲ್ಲಿ ಮಲಗಿದ ಮುಧೋಳ ನಾಯಿ ತಲೆ ಎತ್ತುತ್ತದೆ. ಬೊಗಳುವುದಿಲ್ಲ. ಕಿವಿ ಹಿಂದಕ್ಕೆ ಒತ್ತಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಮನೆಯವರು ಹೆಸರು ಹಿಡಿದು ಕೂಗುವಷ್ಟರಲ್ಲಿ ಬೇಲಿಯ ಆಚೆಗಿರುತ್ತದೆ. ಅದೇ ಜಗಲಿಯಲ್ಲಿ ಬೀಗಲ್ ಇದ್ದಿದ್ದರೆ ನವಿಲನ್ನು ನೋಡುತ್ತಿತ್ತೋ ಇಲ್ಲವೋ. ಅದರ ಮೂಗು ನೆಲಕ್ಕೆ ಅಂಟಿಕೊಂಡಿರುತ್ತದೆ. ರಾತ್ರಿ ಮೊಲವೊಂದು ಹಾದುಹೋದ ಜಾಡು ಹಿಡಿದು, ಬಾಲ ನೆಟ್ಟಗೆ ಎತ್ತಿಕೊಂಡು, ಕೊಟ್ಟಿಗೆಯನ್ನು ಬಳಸಿ, ಹುಲ್ಲಿನ ಮೆದೆಯ ಹಿಂದೆ ಮರೆಯಾಗಿ, ಅಲ್ಲಿಂದ ಇಡೀ ಊರಿಗೆ ಕೇಳುವಂತೆ ಊಳಿಡುತ್ತದೆ.

ಎರಡೂ ಬೇಟೆ ನಾಯಿಗಳೇ. ಒಂದು ಕಣ್ಣಿನಿಂದ ಬೇಟೆಯಾಡುವ ಜಾತಿ, ಇನ್ನೊಂದು ಮೂಗಿನಿಂದ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮನೆಗೊಂದು ಬೇಟೆ ತಳಿಯ ನಾಯಿ ಬೇಕೆಂದು ಹೊರಡುವವರ ಬಾಯಲ್ಲಿ ಹೆಚ್ಚಾಗಿ ಬರುವ ಹೆಸರುಗಳು ಇವೆರಡು. ಆಯ್ಕೆ ಮಾಡುವಾಗ ಬಣ್ಣ, ಮುಖ, ಪಕ್ಕದ ಮನೆಯವರ ನಾಯಿ ನೋಡಿ ತೀರ್ಮಾನಿಸುವುದೇ ಹೆಚ್ಚು. ನಿಜವಾಗಿ ನೋಡಬೇಕಾದದ್ದು ತಮ್ಮ ಮನೆಯ ಬೇಲಿಯನ್ನು, ಗೋಡೆಯ ಆಚೆಗಿನ ನೆರೆಯವರನ್ನು, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು.

ಮುಧೋಳದ ಕಥೆ ಕನ್ನಡ ನಾಡಿನದೇ. ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತಮುತ್ತ ಇದನ್ನು ತಲೆತಲಾಂತರದಿಂದ ಸಾಕಿದ್ದಾರೆ. ಕರವಾನಿ ಎಂಬ ಹೆಸರೂ ಇದಕ್ಕಿದೆ. ಪಶ್ಚಿಮ ಏಷ್ಯಾದ ಕಡೆಯಿಂದ ವ್ಯಾಪಾರಿಗಳ, ಸೈನ್ಯಗಳ ಜೊತೆ ಬಂದ ಓಟದ ನಾಯಿಗಳ ಸಂತತಿ ಎಂಬ ಮಾತಿದೆ. ಮುಧೋಳ ಸಂಸ್ಥಾನದ ಅರಸು ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಕಾಪಾಡಿ ಬೆಳೆಸಿದರು. ಅವರು ಒಂದು ಜೋಡಿ ಮರಿಗಳನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರೆಂದೂ, ಮುಧೋಳದ ಹೆಸರು ಆಗಲೇ ನಾಯಿಗೆ ಅಂಟಿತೆಂದೂ ಹೇಳುತ್ತಾರೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ತಳಿಗಳ ಅಂಚೆಚೀಟಿ ಹೊರತಂದಾಗ ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿಯ ಜೊತೆ ಮುಧೋಳವೂ ಇತ್ತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಂದ ಹೋದ ಮರಿಗಳನ್ನು ಸೇನೆ ಮೀರತ್‌ನಲ್ಲಿ ಪಳಗಿಸಿ ನೋಡಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಹೆಸರು ಹೇಳಿದ ಮೇಲೆ ಮುಧೋಳ ಮರಿಯ ಆಸೆ ಎಷ್ಟೋ ಊರುಗಳಿಗೆ ಹಬ್ಬಿತು.

ಆದರೆ ಹಳೆ ಮೈಸೂರಿನ ಕಡೆಯ ಜನಕ್ಕೆ ಬೇಟೆ ನಾಯಿಯ ನಂಟು ಮುಧೋಳದಿಂದ ಶುರುವಾದದ್ದಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದು ಆ ನಂಟನ್ನು ಸಾವಿರ ವರ್ಷಕ್ಕೂ ಹಿಂದಕ್ಕೆ ಒಯ್ಯುತ್ತದೆ. ಸುಮಾರು 949-50ರ ಶಾಸನ ಅದು. ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನ ಕಡೆಯ ಮಣಲೆರನ ಸಾಹಸ ಮೆಚ್ಚಿದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ, ಬೇಕಾದದ್ದು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ದೊರೆಯ ನಾಯಿ ಕಾಳಿಯನ್ನು. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಸೆಣಸಾಡಿ ಸತ್ತವು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಎದುರುಬದುರಾಗಿ ಸೆಣಸುತ್ತಿರುವ ಚಿತ್ರವಿದೆ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಅರ್ಚಕನಿಗೆ ಪಾಪ ತಟ್ಟುತ್ತದೆಂದು ಬರೆಸಿದ್ದಾರೆ. ಒಂದು ನಾಯಿಯನ್ನು ಇಷ್ಟು ಗೌರವದಿಂದ ನೆನೆದ ಜನ ನಮ್ಮವರೇ ಎಂಬುದನ್ನು, ಇಂದು ಮರಿ ಕೊಂಡು ಆರು ತಿಂಗಳಿಗೆ ಹೆದ್ದಾರಿಯ ಬದಿಯಲ್ಲಿ ಬಿಟ್ಟುಬರುವವರಿಗೆ ಯಾರಾದರೂ ಹೇಳಬೇಕು.

ಬೀಗಲ್ ಇಂಗ್ಲೆಂಡಿನದು. ಮೊಲದ ಜಾಡು ಹಿಡಿಯಲೆಂದೇ ಬೆಳೆಸಿದ ನಾಯಿ. ಬೇಟೆಗಾರರು ಕಾಲ್ನಡಿಗೆಯಲ್ಲೇ ಹಿಂಬಾಲಿಸಬೇಕಿದ್ದರಿಂದ ಅದನ್ನು ಗಿಡ್ಡಕ್ಕೆ ಉಳಿಸಿಕೊಂಡರು, ಎಲ್ಲಿದೆಯೆಂದು ತಿಳಿಯಲು ಗಟ್ಟಿಯಾಗಿ ಕೂಗುವ ಗುಣವನ್ನೂ ಉಳಿಸಿಕೊಂಡರು. ಭುಜದ ಹತ್ತಿರ ಒಂದು ಅಡಿಗಿಂತ ಸ್ವಲ್ಪ ಎತ್ತರ, ತೂಕ ಹತ್ತು ಕಿಲೋದ ಆಸುಪಾಸು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಲಕ್ಷಗಳ ಲೆಕ್ಕದಲ್ಲಿದ್ದರೆ ಇದರ ಮೂಗಿನಲ್ಲಿ ಕೋಟಿಗಳ ಲೆಕ್ಕದಲ್ಲಿವೆ. ಅಮೆರಿಕದ ಕೃಷಿ ಇಲಾಖೆ 1984ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರು ಚೀಲದಲ್ಲಿ ಅಡಗಿಸಿ ತರುವ ಹಣ್ಣು, ಮಾಂಸ ಹುಡುಕಲು ಬೀಗಲ್‌ಗಳನ್ನೇ ನೇಮಿಸಿತು. ಮೂಗು ಚುರುಕು, ಮೈ ಚಿಕ್ಕದು, ಜನರನ್ನು ಹೆದರಿಸುವುದಿಲ್ಲ; ಆ ಕೆಲಸಕ್ಕೆ ಬೇಕಾದದ್ದೂ ಅಷ್ಟೇ.

ಈಗ ಹಾಸನದ ಕುವೆಂಪು ನಗರದಲ್ಲೋ ವಿದ್ಯಾನಗರದಲ್ಲೋ ಒಂದು ಮೂವತ್ತು-ನಲವತ್ತರ ಸೈಟಿನ ಮನೆಯನ್ನು ಎಣಿಸಿಕೊಳ್ಳಿ. ಮುಂದೆ ಕಾರು ನಿಲ್ಲುವಷ್ಟು ಜಾಗ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಎರಡೂ ಕಡೆ ಮೂರು ಅಡಿ ಸಂದಿ. ಇಲ್ಲಿಗೆ ಚಿಕ್ಕ ನಾಯಿಯೇ ಸರಿ ಎಂದು ಯಾರಿಗಾದರೂ ತೋರುತ್ತದೆ. ಆದರೆ ಎತ್ತರ, ತೂಕ ನೋಡಿ ಲೆಕ್ಕ ಹಾಕಿದರೆ ಇಲ್ಲಿಯೇ ಎಡವುತ್ತೇವೆ. ಎರಡು ಅಡಿಗೂ ಮಿಕ್ಕ ಎತ್ತರದ, ಇಪ್ಪತ್ತೆರಡರಿಂದ ಇಪ್ಪತ್ತೆಂಟು ಕಿಲೋ ತೂಗುವ ಮುಧೋಳ, ಮನೆಯೊಳಗೆ ಅಚ್ಚರಿಯಾಗುವಷ್ಟು ಸದ್ದಿಲ್ಲದ ಪ್ರಾಣಿ. ಬೆಳಿಗ್ಗೆ ಮನಸಾರೆ ಓಡಿಬಂದರೆ ಮಧ್ಯಾಹ್ನವೆಲ್ಲ ಹಜಾರದ ಮೂಲೆಯಲ್ಲಿ ಉದ್ದಕ್ಕೆ ಮಲಗಿರುತ್ತದೆ. ಸುಮ್ಮನೆ ಬೊಗಳುವುದು ಕಡಿಮೆ, ಮನೆಗೆ ಬಂದ ಹೊಸಬರಿಂದ ತಾನೇ ದೂರ ಸರಿಯುತ್ತದೆ. ಹತ್ತು ಕಿಲೋದ ಬೀಗಲ್ ಹಾಗಲ್ಲ. ಒಂಟಿಯಾಗಿ ಬಿಟ್ಟರೆ ಅಳುತ್ತದೆ, ಮೆಟ್ಟು ಕಚ್ಚುತ್ತದೆ, ಗೇಟಿನ ಸಂದಿಯಲ್ಲಿ ಮೂತಿ ಇಟ್ಟು ಕೂಗುತ್ತದೆ. ಹೊಳೆನರಸೀಪುರದ ಹಳೆಯ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿಕೊಂಡಿರುವ ಮನೆಗಳಿವೆ. ಅಲ್ಲಿ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಬೀಗಲ್ ಇದ್ದರೆ ನೆರೆಯವರ ಮುನಿಸು ಒಂದೇ ವಾರದಲ್ಲಿ ಶುರುವಾಗುತ್ತದೆ.

ಅಜ್ಜ, ಅಜ್ಜಿ, ಶಾಲೆಯ ಮಕ್ಕಳು ಎಲ್ಲ ಇರುವ ತುಂಬು ಮನೆಗೆ ಮಾತ್ರ ಬೀಗಲ್‌ನಷ್ಟು ಹೊಂದಿಕೊಳ್ಳುವ ನಾಯಿ ವಿರಳ. ಗುಂಪಿನಲ್ಲಿ ಬೇಟೆಯಾಡಿದ ತಳಿ, ಗುಂಪೇ ಅದಕ್ಕೆ ಬೇಕು. ಮಗು ಕಿವಿ ಜಗ್ಗಿದರೂ ಸಹಿಸುತ್ತದೆ, ಬಂದವರೆಲ್ಲರ ಕಾಲು ಮೂಸಿ ಬಾಲ ಆಡಿಸುತ್ತದೆ. ಕಾವಲಿಗೆಂದು ತಂದವರಿಗೆ ಅದೇ ಗುಣ ನಿರಾಸೆ ತರುತ್ತದೆ.

ಅರಕಲಗೂಡಿನ ಕಡೆ ಬೇರೆಯದೇ ಲೆಕ್ಕ. ತಂಬಾಕು, ಶುಂಠಿ, ಆಲೂಗಡ್ಡೆಯ ಹೊಲಗಳು, ಕೊಣನೂರು, ರಾಮನಾಥಪುರದ ಕಡೆ ಕಾವೇರಿಯ ದಂಡೆ, ಆಷಾಢದಲ್ಲಿ ಬಿಡದೆ ಹಿಡಿಯುವ ಜಡಿಮಳೆ. ಮುಧೋಳ ಬೆಳೆದದ್ದು ಬಯಲುಸೀಮೆಯ ಒಣ ಬಿಸಿಲಿನಲ್ಲಿ. ಅದರ ಕೂದಲು ಮೈಗಂಟಿದಷ್ಟು ಗಿಡ್ಡ, ಚರ್ಮದಡಿ ಕೊಬ್ಬು ಇಲ್ಲವೆಂದೇ ಹೇಳಬೇಕು, ಪಕ್ಕೆಲುಬು ಎಣಿಸಬಹುದು. ಊಟ ಹಾಕುವುದಿಲ್ಲವೇನೋ ಎಂದು ನೋಡಿದವರು ಕೇಳುತ್ತಾರೆ. ಆರೋಗ್ಯದ ಮುಧೋಳ ಇರುವುದೇ ಹಾಗೆ. ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಎತ್ತರದಲ್ಲಿರುವ ಹಾಸನದ ಮಾಗಿಯ ಚಳಿಗೆ, ಅರಕಲಗೂಡಿನ ಮಳೆಗೆ ಈ ನಾಯಿಯನ್ನು ಬರಿ ಸಿಮೆಂಟು ನೆಲದ ಮೇಲೆ ಮಲಗಿಸಬಾರದು. ಎರಡು ಗೋಣಿಚೀಲ ಮಡಿಸಿ ಹಾಸಿ, ಗಾಳಿ ತಾಗದ ಮೂಲೆ ಕೊಟ್ಟರೂ ಆದೀತು. ಮೊಣಕೈಯಲ್ಲಿ ದಡ್ಡುಗಟ್ಟುವುದೂ ಅದರಿಂದ ತಪ್ಪುತ್ತದೆ.

ಬೀಗಲ್‌ನ ತೊಂದರೆ ಕಿವಿಯಲ್ಲಿದೆ. ಜೋತುಬಿದ್ದ ಕಿವಿಯನ್ನು ಒಮ್ಮೆ ಎತ್ತಿ ನೋಡಿ. ಮಳೆಗಾಲದಲ್ಲಿ ಒಳಭಾಗ ಬೆಚ್ಚಗೆ, ಒದ್ದೆಯಾಗಿರುತ್ತದೆ. ಕಂದು ಬಣ್ಣದ ಗುಗ್ಗೆ, ಹುಳಿ ವಾಸನೆ ಬಂದರೆ ಸೋಂಕು ಶುರುವಾಗಿದೆ ಎಂದು ತಿಳಿಯಬೇಕು. ಮಡಿಕೆಯ ಅಂಚಿನಲ್ಲಿ ಹರಳು ಬೀಜದ ಹಾಗೆ ಊದಿಕೊಂಡ ಉಣ್ಣೆ ಕಚ್ಚಿಕೊಂಡಿರುತ್ತದೆ. ಹುಲ್ಲು, ಪೊದೆಯಲ್ಲಿ ಮೂಗು ತೂರಿಸುವ ನಾಯಿಗೆ ಉಣ್ಣೆ ಹತ್ತುವುದು ಸಹಜ. ಅದರಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಹಾಳುಮಾಡುತ್ತದೆ. ಊಟ ಬಿಟ್ಟು ಮಂಕಾದ ನಾಯಿಯ ವಸಡು ಬಿಳಿಚಿಕೊಂಡಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ. ಹಾಸನದಲ್ಲೇ ಪಶುವೈದ್ಯಕೀಯ ಮಹಾವಿದ್ಯಾಲಯ ಇರುವುದು ಈ ನಾಲ್ಕು ಊರಿನವರ ಅದೃಷ್ಟ. ಮುಧೋಳಕ್ಕೆ ಶಸ್ತ್ರಚಿಕಿತ್ಸೆ ಮಾಡಿಸುವಾಗ ಇದು ಓಟದ ತಳಿ ಎಂದು ವೈದ್ಯರಿಗೆ ಮೊದಲೇ ಹೇಳಬೇಕು. ಕೊಬ್ಬಿಲ್ಲದ ಮೈಗೆ ಕೆಲವು ಅರಿವಳಿಕೆ ಮದ್ದುಗಳ ಅಮಲು ಬೇಗ ಇಳಿಯುವುದಿಲ್ಲ.

ಊಟದ ವಿಷಯದಲ್ಲಿ ಬೀಗಲ್‌ಗೆ ಸಾಕು ಎಂಬ ಮಾತೇ ಗೊತ್ತಿಲ್ಲ. ಮಿಕ್ಕ ಮುದ್ದೆ, ಮಕ್ಕಳು ಕೆಡವಿದ ಬಿಸ್ಕತ್ತು, ಎದುರು ಮನೆಯವರು ಹಾಕಿದ ಇಡ್ಲಿ, ಎಲ್ಲವನ್ನೂ ತಿಂದು ಎರಡು ವರ್ಷಕ್ಕೆ ಪೀಪಾಯಿಯಂತಾದ ಬೀಗಲ್‌ನ ಬೆನ್ನಿಗೂ ಕೀಲಿಗೂ ಕಷ್ಟ. ಮುಧೋಳದ ಕಡೆ ಹಾಲು, ಮೊಟ್ಟೆ, ಜೋಳದ ನುಚ್ಚು ಹಾಕಿ ಸಾಕಿದ್ದಾರೆ; ಇಲ್ಲಿ ರಾಗಿ ಅಂಬಲಿಗೆ ಮೊಸರು, ಮೊಟ್ಟೆ ಅಥವಾ ಬೇಯಿಸಿದ ಕೋಳಿ ಸೇರಿಸಿದರೆ ನಡೆಯುತ್ತದೆ. ಎರಡಕ್ಕೂ ಕೊಡಬಾರದ್ದು ಬಸ್ಸಾರು. ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ವಿಷ. ಚಾಕಲೇಟು, ದ್ರಾಕ್ಷಿಯೂ ಕೂಡದು.

ಮುಧೋಳ ತರುವವರಿಗೆ ಬೇಲಿಯೇ ದೊಡ್ಡ ಪ್ರಶ್ನೆ. ನಾಲ್ಕು ಅಡಿ ಕಾಂಪೌಂಡು ಅದಕ್ಕೆ ಹೊಸ್ತಿಲಿದ್ದ ಹಾಗೆ. ತೋಟದಲ್ಲಾದರೆ ಆಳೆತ್ತರದ ತಂತಿ ಬಲೆ ಬೇಕು, ಅದೂ ಪೂರ್ತಿ ಸುತ್ತಿಗೆ. ನವಿಲು, ಮೊಲ, ಪಕ್ಕದವರ ಕುರಿಮರಿ, ಬೆಕ್ಕು, ಓಡುವುದು ಯಾವುದಾದರೂ ಸರಿ, ಕಣ್ಣಿಗೆ ಬಿದ್ದರೆ ಕರೆದ ಮಾತು ಕಿವಿಗೆ ಹೋಗುವುದಿಲ್ಲ. ಅದು ಮೊಂಡುತನವಲ್ಲ, ನೂರಾರು ವರ್ಷ ಮನುಷ್ಯನೇ ಆರಿಸಿ ಆರಿಸಿ ಬೆಳೆಸಿದ ಗುಣ. ಬೇಟೆಗೆ ಬಿಡುತ್ತೇವೆ ಎನ್ನುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನೆಯಬೇಕು. ನವಿಲು, ಮೊಲ ಎರಡನ್ನೂ ಕಾನೂನು ಕಾಯುತ್ತದೆ, ನಾಯಿ ಬಿಟ್ಟು ಹಿಡಿಸಿದರೂ ಅಪರಾಧವೇ. ಇನ್ನು ಜಿಲ್ಲೆಯ ಕುರುಚಲು ಗುಡ್ಡಗಳ ಅಂಚಿನ ಊರುಗಳಲ್ಲಿ ಚಿರತೆ ಅಂಗಳಕ್ಕೆ ಬಂದು ನಾಯಿ ಹೊತ್ತೊಯ್ಯುವುದು ಹೊಸತಲ್ಲ. ಅಂಥ ಕಡೆ ಯಾವ ತಳಿಯನ್ನೇ ಆಗಲಿ ರಾತ್ರಿ ಹೊರಗೆ ಸರಪಳಿಯಲ್ಲಿ ಕಟ್ಟುವುದೆಂದರೆ ಎರೆ ಕಟ್ಟಿದ ಹಾಗೆ.

ಹಾಗಾದರೆ ಯಾವುದು? ಸರಿಯಾದ ಬೇಲಿಯಿರುವ ತೋಟದ ಮನೆಗೆ, ದಿನಾ ಬೆಳಿಗ್ಗೆ ನಾಯಿಯನ್ನು ಓಡಿಸಲು ಒಬ್ಬರಾದರೂ ಗಟ್ಟಿಗರಿರುವ ಮನೆಗೆ ಮುಧೋಳ. ಅದರ ನಿಷ್ಠೆ ಒಬ್ಬಿಬ್ಬರಿಗೆ, ಅದೂ ಗದರಿಸದೆ ಸಾಕಿದರೆ ಮಾತ್ರ. ಹೊಡೆತ ತಿಂದ ಮುಧೋಳ ಅಂಜುಬುರುಕವಾಗುತ್ತದೆ, ಅಂಜಿದ ನಾಯಿಯೇ ಕಚ್ಚುವುದು. ಪಟ್ಟಣದ ಬಡಾವಣೆಯಲ್ಲಿ ದಿನವಿಡೀ ಜನರಿರುವ, ಸಂಜೆ ಒಂದು ಗಂಟೆ ಹಗ್ಗ ಹಿಡಿದು ನಡೆಸಲು ಬೇಸರವಿಲ್ಲದ ಮನೆಗೆ ಬೀಗಲ್. ಬೆಳಿಗ್ಗೆ ಬೀಗ ಹಾಕಿ ರಾತ್ರಿ ತೆಗೆಯುವ ಮನೆಗೆ ಎರಡೂ ಬೇಡ. ತಳಿಯ ಹೆಸರಿನ ಹಂಗಿಲ್ಲದವರಿಗೆ ಬೀದಿಯಲ್ಲಿ ಹುಟ್ಟಿದ ನಾಡ ನಾಯಿಮರಿ ಇದೆ. ಇಲ್ಲಿನ ಮಳೆ, ಉಣ್ಣೆ, ಮುದ್ದೆ ಎಲ್ಲಕ್ಕೂ ಒಗ್ಗಿದ ನಾಯಿ ಅದು.

ಮರಿ ತರುವಾಗ ತಾಯಿಯನ್ನು ತೋರಿಸಿ ಎಂದು ಕೇಳಬೇಕು. ತೋರಿಸಲು ಒಪ್ಪದವರ ಬಳಿ ಕೊಳ್ಳಬಾರದು. ಬೇರೆ ಓಟದ ನಾಯಿಗಳ ಜೊತೆ ಬೆರೆಸಿದ ಮರಿಗಳೂ ಮುಧೋಳದ ಹೆಸರಿನಲ್ಲಿ ಮಾರಾಟವಾಗುತ್ತವೆ. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಮರಿಯ ಹತ್ತಿರ ಒಂದು ಸ್ಟೀಲ್ ತಟ್ಟೆ ಬೀಳಿಸಿ ನೋಡಬಹುದು: ಬೆಚ್ಚಿ, ಮರುಕ್ಷಣವೇ ಮೂಸಲು ಬರುವ ಮರಿ ಒಳ್ಳೆಯದು; ಮೂಲೆ ಸೇರಿ ನಡುಗುವುದನ್ನು, ಅದರಲ್ಲೂ ಮುಧೋಳವಾದರೆ, ಮಕ್ಕಳಿರುವ ಮನೆಗೆ ತರದಿರುವುದು ಮೇಲು. ಮನೆಗೆ ಬಂದ ಮರಿಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು ಮೂರು-ನಾಲ್ಕು ವಾರಗಳ ಅಂತರದಲ್ಲಿ ನಾಲ್ಕು ತಿಂಗಳವರೆಗೆ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಮೂರು ತಿಂಗಳು ತುಂಬಿದ ಮೇಲೆ, ಆಮೇಲೆ ವರ್ಷಕ್ಕೊಮ್ಮೆ. ಲಸಿಕೆಯ ಸರದಿ ಮುಗಿಯುವ ತನಕ ಸಂತೆಮಾಳಕ್ಕಾಗಲಿ ಬೀದಿನಾಯಿಗಳ ನಡುವೆಯಾಗಲಿ ಇಳಿಸದೆ, ಎತ್ತಿಕೊಂಡೇ ಹೊರಗಿನ ಸದ್ದು, ಬಸ್ಸು, ಜನರನ್ನು ತೋರಿಸಿ ತರಬೇಕು. ಮನೆಗೆ ಬಂದ ಹೊಸತರಲ್ಲಿ ಮುಧೋಳದ ಮರಿಯೂ ಒಂದೇ ತೋಳಿನಲ್ಲಿ ಹಿಡಿಸುತ್ತದೆ.