ಕಡಿಮೆ ಓಡಿದ ಹಳೆ ಪಿಕಪ್ ಕೊಳ್ಳುವ ಮುನ್ನ, ಕೊಂಡ ಮೇಲೆ



ಬೆಳೆದ ತರಕಾರಿ, ಶುಂಠಿ, ಬಾಳೆಗೊನೆಯನ್ನು ಪೇಟೆಗೆ ಸಾಗಿಸಲು ಬಾಡಿಗೆ ಗಾಡಿಯನ್ನೇ ನಂಬಿದರೆ ಲಾಭದ ಒಂದು ಪಾಲು ಬಾಡಿಗೆಗೇ ಹೋಗುತ್ತದೆ. ಆದ್ದರಿಂದ ನಾಲ್ಕೈದು ಮನೆಯವರು ಸೇರಿ ಒಂದು ಪಿಕಪ್ ಮಾಡಿಕೊಳ್ಳೋಣ ಎಂದು ಯೋಚಿಸುವುದು ಒಳ್ಳೆಯದೇ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ಗಾಡಿಗಳು ಹಳ್ಳಿಹಳ್ಳಿಗೂ ಬಂದವು. ಈಗ ಸೆಕೆಂಡ್ ಹ್ಯಾಂಡ್ ಗಾಡಿಗಳಿಗೂ ಕೊರತೆಯಿಲ್ಲ. “ಗಾಡಿ ಏನೂ ಓಡಿಲ್ಲ, ಮನೇಲೇ ನಿಂತಿತ್ತು, ಬೇಕಾದ್ರೆ ಮೀಟರ್ ನೋಡಿ” ಎನ್ನುವ ದಲ್ಲಾಳಿಗಳಿಗೂ ಕೊರತೆಯಿಲ್ಲ.

ಆ ಒಂದು ಮಾತು ನಂಬಿ ಸಂಘದ ಸಾಲದ ಹಣ ಕೊಡಬೇಡಿ. ಗಾಡಿ ಕಡಿಮೆ ಓಡಿದೆ ಎಂದು ಮೀಟರು ಹೇಳಿದರೆ ಸಾಲದು, ಗಾಡಿಯೂ ಹೇಳಬೇಕು, ಕಾಗದಪತ್ರವೂ ಹೇಳಬೇಕು.

1. ಮೀಟರನ್ನು ಗಾಡಿಯ ಜೊತೆ ತಾಳೆ ನೋಡಿ

ಮೊದಲು ಒಂದು ಬಾಯಿಲೆಕ್ಕ. ದಿನಕ್ಕೆ 60 ಕಿ.ಮೀ., ತಿಂಗಳಿಗೆ 25 ದಿನ ಓಡಿದರೆ ವರ್ಷಕ್ಕೆ 18,000 ಕಿ.ಮೀ. ಆಯಿತು. ಆರು ವರ್ಷಕ್ಕೆ 1,08,000. ದಿನಾ ಮಾರ್ಕೆಟ್ಟಿಗೆ ಹೋಗುತ್ತಿದ್ದ ಆರು ವರ್ಷದ ಗಾಡಿ 35,000 ತೋರಿಸಿದರೆ ಏಕೆ ಎಂದು ಕೇಳಲೇಬೇಕು. ಮೀಟರ್ ಇಳಿಸಿ ಮಾರುವವರೂ ಇದ್ದಾರೆ.

ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ಸವೆದಿದೆಯೇ? ಸ್ಟೇರಿಂಗ್ ನುಣುಪಾಗಿದೆಯೇ? ಡ್ರೈವರ್ ಸೀಟು ಕುಸಿದಿದೆಯೇ? ಹಿಂದಿನ ಡಬ್ಬಿಯ ತಳ ತಗ್ಗುಬಿದ್ದಿದೆಯೇ? ಇವೆಲ್ಲ ಇದ್ದು ಮೀಟರ್ ಮಾತ್ರ ಕಡಿಮೆ ಇದ್ದರೆ ನಂಬಬೇಡಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಬರೀ 20,000 ಓಡಿದ ಗಾಡಿಗೆ ನಾಲ್ಕೂ ಟಯರ್ ಆಗಲೇ ಬದಲಾಗಿದ್ದರೆ ಕಾರಣ ಕೇಳಿ. ಮಾರುವವರನ್ನೇ ಕರೆದುಕೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಹಳೆಯ ಸರ್ವಿಸ್ ದಾಖಲೆ ನೋಡುವುದು ಇನ್ನೂ ಉತ್ತಮ.

2. ನಿಂತ ಗಾಡಿಗೂ ರೋಗ ಉಂಟು

ನಿಜವಾಗಿ ಕಡಿಮೆ ಓಡಿದ ಗಾಡಿಯೆಲ್ಲ ಒಳ್ಳೆಯದೇ ಆಗಬೇಕೆಂದಿಲ್ಲ. ತಿಂಗಳುಗಟ್ಟಲೆ ನಿಂತರೆ ಬ್ಯಾಟರಿ ಸಾಯುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಟಯರು ಮತ್ತು ರಬ್ಬರ್ ಪೈಪುಗಳು ಬಿರುಕು ಬಿಡುತ್ತವೆ, ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರುತ್ತದೆ, ಇಲಿ ವೈರ್ ಕಡಿಯುತ್ತದೆ. ಕರಾವಳಿ ಕಡೆಯ ಗಾಡಿಯಾದರೆ ಅಡಿಯಲ್ಲಿ ಮಲಗಿ ಚಾಸಿಯ ತುಕ್ಕು ನೋಡಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳದೊಳಗೆ ಹಾಲಿನ ಕೆನೆಯಂತೆ ಕಂಡರೆ ಆಯಿಲಿಗೆ ನೀರು ಸೇರಿರಬಹುದು. ನಿಮ್ಮ ನಂಬಿಕೆಯ ಮೆಕ್ಯಾನಿಕ್ ಜೊತೆಗಿರಲಿ. ಅವರಿಗೆ ಕೊಡುವ ಕೂಲಿ ದಂಡವಲ್ಲ. ಭಾರ ಹಾಕಿ, ಘಾಟಿ ಏರಿಸಿ ನೋಡಿ.

3. ಕಾಗದಪತ್ರ

ಆರ್.ಸಿ.ಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲೆ ಕೊರೆದ ನಂಬರಿನೊಂದಿಗೆ ಕಣ್ಣಾರೆ ಹೋಲಿಸಿ. ವಿಮೆ, ತೆರಿಗೆ, ಎಮಿಷನ್, ಬಾಕಿ ದಂಡ ವಿಚಾರಿಸಿ. ಸರಕು ಗಾಡಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ.

ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಹೆಸರು ಬದಲಾಗುವುದಿಲ್ಲ. ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ಅರ್ಜಿ ಹಾಕಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಕೇಳಿಕೊಳ್ಳಿ. ನೀವು ಗಾಡಿ ಮಾರುವವರಾದರೂ ಇದು ಮುಖ್ಯ. ಗಾಡಿ ಎಷ್ಟು ಕೈ ಬದಲಾದರೂ ಆರ್.ಸಿ.ಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗುಂಪಾಗಿ ಕೊಳ್ಳುವುದಾದರೆ ಆರ್.ಸಿ. ಯಾರ ಹೆಸರಲ್ಲಿ, ಯಾರ ಪಾಲು ಎಷ್ಟು, ರಿಪೇರಿ ಖರ್ಚು ಹೇಗೆ ಎಂಬುದನ್ನು ಮೊದಲೇ ಸಭೆಯಲ್ಲಿ ಠರಾವು ಬರೆದು ಎಲ್ಲರೂ ಸಹಿ ಮಾಡಿ. ನಾಳೆ ಮನಸ್ತಾಪ ಬೇಡ.

4. ಕೊಂಡ ಮೇಲೆ

ಕೈಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ. ಹೆಸರು ವರ್ಗಾವಣೆ, ವಿಮೆ, ಬ್ಯಾಟರಿ, ಟಯರಿಗೆ ಸ್ವಲ್ಪ ಉಳಿಸಿಕೊಳ್ಳಿ. ಹಳೆಯ ಮಾಲೀಕರು “ಈಗಷ್ಟೇ ಮಾಡ್ಸಿದೀನಿ” ಎಂದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ ಅಲ್ಲಿಂದ ಹೊಸ ಲೆಕ್ಕ ಆರಂಭಿಸಿ. ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಬೇಕು, ಏಕೆಂದರೆ ನಿಂತಲ್ಲೇ ಅದು ಹಳತಾಗುತ್ತದೆ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ನೀರು ಇಳಿಸಿ. ಕೆಲಸವಿಲ್ಲದ ದಿನಗಳಲ್ಲೂ ವಾರಕ್ಕೊಮ್ಮೆ ನಾಲ್ಕಾರು ಮೈಲಿ ಓಡಿಸಿ ಬನ್ನಿ. ಒಂದು ನೋಟ್ ಪುಸ್ತಕದಲ್ಲಿ ಕಿ.ಮೀ., ಡೀಸೆಲ್, ಬಾಡಿಗೆ, ರಿಪೇರಿ ಬರೆದಿಡಿ. ಪ್ರತಿ ಬಾಡಿಗೆಯಿಂದ ಸ್ವಲ್ಪ ತೆಗೆದು ಗಾಡಿಯ ಹೆಸರಲ್ಲೇ ಉಳಿತಾಯ ಮಾಡಿ.

5. ಭಾರ ಮತ್ತು ಜನ

ಆರ್.ಸಿ.ಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆಯಿರಿ. ಡ್ರೈವರ್ ತೂಕವೂ ಸೇರಿ ಗಾಡಿ ಹೊರಬಹುದಾದದ್ದು ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಒಂದು ಟ್ರಿಪ್ ಉಳಿಸಲು ಹೋದರೆ ಬ್ರೇಕು, ಟಯರು, ಕೊನೆಗೆ ಜೀವವೂ ಹೋದೀತು.

ಕೂಲಿಗೆ ಹೋಗುವ ಹೆಂಗಸರನ್ನು, ಮದುವೆಗೆ, ಚರ್ಚ್ ಹಬ್ಬಕ್ಕೆ ಹೊರಟ ಮಕ್ಕಳನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಸರಕು ಗಾಡಿಯಲ್ಲಿ ಹೀಗೆ ಹತ್ತಿದ ಪ್ರಯಾಣಿಕರು ವಿಮೆಯ ರಕ್ಷಣೆಗೆ ಬರುವುದಿಲ್ಲ, ಪರಿಹಾರದ ಭಾರ ಕೊನೆಗೆ ಮಾಲೀಕರ ತಲೆಗೇ ಬರುತ್ತದೆ. ಅದಕ್ಕಿಂತ ಮಿಗಿಲಾಗಿ, ಹೋದ ಜೀವಕ್ಕೆ ಯಾವ ಪರಿಹಾರವೂ ಸಾಟಿಯಲ್ಲ.

ಗಾಡಿ ನಮ್ಮ ದುಡಿಮೆಗೆ ಆಸರೆಯಾಗಬೇಕು, ಸಾಲದ ಹೊರೆಯಾಗಬಾರದು. ಈ ಕರಪತ್ರವನ್ನು ಮುಂದಿನ ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಚರ್ಚಿಸಿ. ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗಿ.